ಬ್ರೇಕಮ್ಮ ಗೇರ್‌ಬಾಕ್ಸ್ ಎಬ್ಬಿಸಿದ್ದು

ನಾವು ಆ ಬೀದಿಗೆ ಮನೆ ಬದಲಾಯಿಸಿದ ಮೊದಲ ಚಳಿಗಾಲದಲ್ಲೇ ಎದುರು ಮನೆಯ ಗಂಡ ಹೆಂಡತಿಗೆ ಭಾರೀ ಜಗಳವಾಗಿದೆ ಎಂದು ನಾನು ತೀರ್ಮಾನಿಸಿದೆ. ಇಂಥ ತೀರ್ಮಾನಕ್ಕೆ ನನಗೆ ಹೆಚ್ಚು ಪುರಾವೆ ಬೇಕಾಗುವುದಿಲ್ಲ. ಅಡುಗೆಮನೆಗೆ ಒಂದು ಕಿಟಕಿ ಇದ್ದರೆ ಸಾಕು.

ಕಂಡದ್ದು ಇಷ್ಟು. ಬೆಳಿಗ್ಗೆ, ಬೀದಿಯ ಕಾರುಗಳ ಮೇಲೆಲ್ಲ ಬಿಳಿ ಹಿಮ ಪುಡಿ ಉದುರಿಸಿದಂತೆ ಕೂತಿರುವ ಹೊತ್ತಿನಲ್ಲಿ, ಐವತ್ತು ದಾಟಿದ ಹೆಂಗಸೊಬ್ಬರು ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಂಡು ಹೊರಗೆ ಬರುತ್ತಿದ್ದರು. ತಮ್ಮ ಹಳೆಯ ಬೂದು ಬಣ್ಣದ ಕಾರಿನೊಳಗೆ ಕೂತು, ಬಾಗಿಲು ಹಾಕಿಕೊಂಡು, ಇಂಜಿನ್ ಚಾಲೂ ಮಾಡುತ್ತಿದ್ದರು. ಆಮೇಲೆ ಎಲ್ಲಿಗೂ ಹೋಗುತ್ತಿರಲಿಲ್ಲ. ಕಣ್ಣು ಅರ್ಧ ಮುಚ್ಚಿ ಕೂತಿರುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಗಂಡ ಹೊಗೆಯಾಡುವ ಲೋಟ ಹಿಡಿದುಕೊಂಡು ಬಂದು ಗಾಜು ತಟ್ಟುತ್ತಿದ್ದರು. ಆಕೆ ಲೋಟ ತೂರುವಷ್ಟೇ ಗಾಜು ಇಳಿಸಿ, ಅದನ್ನು ಒಳಗೆಳೆದುಕೊಂಡು, ನೊಣ ಓಡಿಸುವಂತೆ ಕೈ ಬೀಸಿ, ಮತ್ತೆ ಗಾಜು ಏರಿಸುತ್ತಿದ್ದರು. ಗಂಡ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದರು.

"ಪಾಪ, ಮುನಿಸಿಕೊಂಡು ಕಾರಲ್ಲಿ ಕೂತಿದಾರೆ ಕಣೇ" ಎಂದು ನನ್ನ ಹೆಂಡತಿಗೆ ಹೇಳಿದೆ.

"ನಿಮಗ್ಯಾಕ್ರೀ ಊರ ಉಸಾಬರಿ? ಹಾಲು ಉಕ್ತಿದೆ ನೋಡಿ" ಎಂದಳು.

ಹಾಲು ಉಕ್ಕಿತು. ಉಸಾಬರಿಯೂ ಉಳಿಯಿತು. ಎದುರು ಮನೆಯ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದರು. ಪ್ಯಾಂಟು ಗಿಡ್ಡ ಮಾಡಿಸುವ ನೆಪದಲ್ಲಿ ಹೋದೆ. ಅವರು ನನ್ನ ಕಾಲ ಬಳಿ ಮಂಡಿಯೂರಿ ಗುಂಡುಪಿನ್ನು ಚುಚ್ಚುತ್ತಿದ್ದಾಗ, ಸಂಸಾರ ಎಂದರೇನು ಎಂದು ನನಗೆ ತಿಳಿದಷ್ಟನ್ನೂ ತಿಳಿಯದಷ್ಟನ್ನೂ ಹೇಳಿದೆ. "ತಪ್ಪು ಯಾರದ್ದೇ ಇರಲಿ ಸ್ವಾಮಿ, ಗಂಡಸಾದವನು ಒಂದು ಮಾತು 'ಸಾರಿ' ಅಂದ್ರೆ ಏನೂ ಸವೆದು ಹೋಗಲ್ಲ" ಎಂದೆ. ಬಾಯಿ ತುಂಬ ಪಿನ್ನು ಕಚ್ಚಿಕೊಂಡಿದ್ದ ಮನುಷ್ಯ ಏನೂ ಕೇಳುವಂತಿರಲಿಲ್ಲ. ತಲೆ ಆಡಿಸಿದರು.

ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಜಾತಿಯ ಮನುಷ್ಯ ಅವರು ಎಂದು ನನಗೆ ಹೇಗೆ ಗೊತ್ತಾಗಬೇಕು? ಒಂದು ವಾರ ಕಳೆಯುವಷ್ಟರಲ್ಲಿ ನಮ್ಮ ಮನೆಯ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಮಫ್ಲರ್.

"ನಮ್ಮೆಜಮಾನರಿಗೆ ದಿನಾ ಬೆಳಿಗ್ಗೆ ಸಾರಿ ಕೇಳು ಅಂತ ಹೇಳಿಕೊಟ್ಟೋರು ನೀವೇನಾ?"

"ಅಲ್ಲ... ಅಂದ್ರೆ... ಹೌದು."

"ಯಾಕ್ರೀ ಕೇಳ್ತಿದೀರಿ ಅಂದ್ರೆ ಎದುರು ಮನೆಯವರನ್ನ ಕೇಳು ಅಂತಾರೆ. ಇಷ್ಟು ವರ್ಷ ಸಂಸಾರ ಮಾಡಿದೀನಿ, ಅವರು ಮಾಡಿರೋ ತಪ್ಪು ಯಾವುದು ಅಂತ ಈಗ ಹುಡುಕ್ತಾ ಕೂತಿದೀನಿ. ರಾತ್ರಿ ನಿದ್ದೆ ಇಲ್ಲ. ಎರಡು ಸಿಕ್ಕಿವೆ ಬೇರೆ!"

"ಮತ್ತೆ ನೀವು ಬೆಳಿಗ್ಗೆ ಬೆಳಿಗ್ಗೆ ಕಾರಲ್ಲಿ ಒಬ್ಬರೇ..."

"ಗೇರ್‌ಬಾಕ್ಸ್ ಎಬ್ಬಿಸ್ತೀನಿ ರೀ!" ಎಂದು, ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿ, ನಮ್ಮ ಬಾಗಿಲನ್ನು ತಾವೇ ಹಾಕಿಕೊಂಡು ಹೋದರು.

ಬ್ರೇಕಮ್ಮನ ಪರಿಚಯವಾದದ್ದು ಹೀಗೆ. ಅದು ಅವರ ಹೆಸರಲ್ಲ, ಬಿರುದು. ಡ್ರೈವಿಂಗ್ ಕಲಿಸುವುದು ಅವರ ಕೆಲಸ. ಒಂದು ಕಾರು, ಒಬ್ಬರು ಟೀಚರು, ಅಷ್ಟೇ ಶಾಲೆ. ಕಲಿಸುವ ಕಾರುಗಳಲ್ಲಿ ಟೀಚರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ಇವರು ಅದನ್ನು ಕಾಲಿನಿಂದಲೂ ಒತ್ತುತ್ತಿದ್ದರು, ಬಾಯಿಂದಲೂ ಒತ್ತುತ್ತಿದ್ದರು. "ಬ್ರೇಕೂ!" ಎಂಬ ಆ ಕೂಗಿಗೆ ನಮ್ಮ ಬೀದಿಯಲ್ಲಿ ಸೈಕಲ್‌ಗಳು ಕೂಡ ನಿಲ್ಲುತ್ತಿದ್ದವು. ಒಮ್ಮೆ ಅಂಚೆಯವನು ನಡೆಯುತ್ತಿದ್ದವನು ನಿಂತದ್ದನ್ನು ನಾನೇ ನೋಡಿದ್ದೇನೆ.

ಮೊದಲು ಅವರು ದೊಡ್ಡ ಲಾಂಡ್ರಿಯೊಂದರಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹೊಡೆಯುವ ಯಂತ್ರದ ಮುಂದೆ ನಿಲ್ಲುತ್ತಿದ್ದರಂತೆ. ಒದ್ದೆ ನೆಲದ ಮೇಲೆ ಜಾರಿ ಎಡಮಂಡಿ ಕೆಟ್ಟಿತು. ಅದೇ ಹೊತ್ತಿಗೆ ಅವರಿಗೆ ಕಾರು ಕಲಿಯುವ ಆಸೆ ಹುಟ್ಟಿತು. ಆಸೆಗಳಿಗೆ ಹೊತ್ತುಗೊತ್ತು ತಿಳಿಯುವುದಿಲ್ಲ. ಕಲಿಸುವವನೊಬ್ಬ, "ಕ್ಲಚ್ ತುಳಿಯೋಕಾಗದ ಕಾಲಿಟ್ಕೊಂಡು ಡ್ರೈವಿಂಗ್ ಯಾಕಮ್ಮ, ಮನೇಲಿ ಆರಾಮಾಗಿರಿ" ಎಂದನಂತೆ. ಆರಾಮಾಗಿರಿ ಎಂದವರ ಮಾತನ್ನು ಬ್ರೇಕಮ್ಮ ಜನ್ಮದಲ್ಲಿ ಕೇಳಿದವರಲ್ಲ. ಕ್ಲಚ್ಚೇ ಇಲ್ಲದ ಆಟೊಮ್ಯಾಟಿಕ್ ಕಾರನ್ನು ಹುಡುಕಿ, ಅದರಲ್ಲಿ ಕಲಿತು, ಕೊನೆಗೆ ಅದರಲ್ಲೇ ಕಲಿಸಲು ಕೂತರು. ಬೇರೆ ಕಡೆ ಬೈಸಿಕೊಂಡು ಬಂದವರೇ ಅವರ ಶಿಷ್ಯರು. ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದವರು, ಕತ್ತಿ ಹಿಡಿದರೆ ಕೈ ನಡುಗದ, ಸ್ಟೀರಿಂಗ್ ಹಿಡಿದರೆ ಮಾತ್ರ ನಡುಗುವ ಕ್ಷೌರಿಕ, ಕನ್ನಡಿಯಲ್ಲಿ ಹಿಂದೆ ಬರುವ ಲಾರಿ ಕಂಡರೆ ಕಣ್ಣು ಮುಚ್ಚಿಕೊಳ್ಳುವ ಒಬ್ಬ ಅಜ್ಜಿ. ಬ್ರೇಕಮ್ಮನೂ ಬೈಯುತ್ತಿದ್ದರು. ಆದರೆ ಅವರ ಬೈಗುಳದಲ್ಲಿ ತಿರಸ್ಕಾರ ಇರುತ್ತಿರಲಿಲ್ಲ, ಬರೀ ಸದ್ದು ಇರುತ್ತಿತ್ತು.

ಗೇರ್‌ಬಾಕ್ಸ್ ಎಬ್ಬಿಸುವುದು ಎಂದರೇನು ಎಂದು ನಾನು ಮುಂದೊಂದು ದಿನ, ಪ್ಯಾಂಟು ತರಲು ಹೋದಾಗ, ಅಂಜುತ್ತಲೇ ಕೇಳಿದೆ.

"ಮಾಮೂಲಿ ಕಾರಲ್ಲಿ ಗೇರ್ ಹಾಕೋದು ನಿಮ್ಮ ಕೈ" ಎಂದರು. "ಇದರಲ್ಲಿ ಒಳಗೆ ಒಂದು ಕೆಂಪು ಎಣ್ಣೆ ಇರುತ್ತೆ. ಪಂಪು ಅದನ್ನ ಒತ್ತುತ್ತೆ, ಆ ಒತ್ತಡಕ್ಕೆ ಗೇರ್ ತಾನೇ ಬೀಳುತ್ತೆ. ಚಳಿಗೆ ಏನಾಗುತ್ತೆ? ಎಣ್ಣೆ ಜೇನುತುಪ್ಪದ ಥರ ಗಟ್ಟಿಯಾಗುತ್ತೆ. ಎಣ್ಣೆ ಸೋರದ ಹಾಗೆ ತಡೆಯೋ ರಬ್ಬರ್ ಸೀಲುಗಳೆಲ್ಲ ಸೆಟೆದುಕೊಳ್ತವೆ. ಮುಂದಕ್ಕೆ ಹೋಗೋ ಡಿ ಗೇರಿಗೆ ನೀವು ಹಾಕಿದ್ರೂ ಕಾರು ಯೋಚನೆ ಮಾಡ್ತಾ ನಿಂತಿರುತ್ತೆ. ನಿಮಗೆ ತಾಳ್ಮೆ ಎಲ್ಲಿ? ಆಕ್ಸಿಲರೇಟರ್ ಒತ್ತುತೀರಿ. ಅಷ್ಟರಲ್ಲಿ ಅದಕ್ಕೆ ನೆನಪಾಗಿ ಧಡ್ ಅಂತ ಹಿಡಿಯುತ್ತೆ. ನಿಮ್ಮ ಹಲ್ಲು ಸ್ಟೀರಿಂಗಿಗೆ."

"ನನ್ನ ಹಲ್ಲೇ ಯಾಕೆ?"

"ಸರಿ, ಇವರದ್ದು" ಎಂದು ಗಂಡನನ್ನು ತೋರಿಸಿದರು. ದರ್ಜಿ ಅಭ್ಯಾಸಬಲದಿಂದ ಸಾರಿ ಎಂದರು.

ಹಾಗಾಗಿ ಅವರು ಒಂದು ವಿಧಿ ಕಟ್ಟಿಕೊಂಡಿದ್ದರು. ಇಂಜಿನ್ ಚಾಲೂ ಮಾಡುವುದು. ಅದರ ಏರುದನಿ ಇಳಿಯುವ ತನಕ ಕಾಯುವುದು, ಇಳಿದ ಮೇಲೂ ಕಾಯುವುದು. ಆಮೇಲೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿದು ಗೇರಿನ ಹಿಡಿಯನ್ನು ಹಿಂದಕ್ಕೆ ಹೋಗುವ ಆರ್‌ಗೆ ತಂದು ಸ್ವಲ್ಪ ಹೊತ್ತು, ಎಲ್ಲಿಗೂ ಹೋಗದ ಎನ್‌ಗೆ ತಂದು ಸ್ವಲ್ಪ ಹೊತ್ತು, ಡಿಗೆ ತಂದು ಸ್ವಲ್ಪ ಹೊತ್ತು. ಮತ್ತೆ ಮೊದಲಿಂದ. ತುಟಿ ಅಲ್ಲಾಡುತ್ತಿದ್ದದ್ದು ಎಣಿಕೆಗೆ. ಶಿಷ್ಯರಿಗೂ ಇದೇ ಪಾಠ. ರಸ್ತೆಯ ನಿಯಮ ಮರೆತರೆ ಕ್ಷಮೆ ಇತ್ತು. ಇದನ್ನು ಮರೆತರೆ ಅಂದು ಸ್ಟೀರಿಂಗ್ ಮುಟ್ಟುವ ಹಾಗಿರಲಿಲ್ಲ.

ಇಷ್ಟೆಲ್ಲ ಸುಖವಾಗಿ ನಡೆಯುತ್ತಿದ್ದಾಗ ಅಧ್ಯಕ್ಷರು ನಡುವೆ ಬಂದರು.

ಅಧ್ಯಕ್ಷರೆಂದರೆ ನಮ್ಮ ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷರು. ಸೊಂಟದಲ್ಲಿ ದೊಡ್ಡ ಬೀಗದಕೈ ಗೊಂಚಲು. ಅವು ಯಾವ ಬಾಗಿಲಿನವು ಎಂದು ಇಂದಿಗೂ ಯಾರಿಗೂ ತಿಳಿದಿಲ್ಲ. ಸಭೆಯಲ್ಲಿ ಮೂವರಿದ್ದರೂ "ಮಹನೀಯರೇ" ಎಂದೇ ಶುರು ಮಾಡುತ್ತಿದ್ದರು. ಒಂದು ಬೆಳಿಗ್ಗೆ ಬೀದಿಯ ತುದಿಯ ಫಲಕದ ಮೇಲೆ ಅವರ ಸೂಚನೆ ಕಾಣಿಸಿಕೊಂಡಿತು: ಯಾವ ವಾಹನವೂ ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಂತಲ್ಲೇ ಇಂಜಿನ್ ಚಾಲೂ ಇಟ್ಟುಕೊಂಡು ಹೊಗೆಯುಗುಳತಕ್ಕದ್ದಲ್ಲ. ಯಾವ ವಾಹನವೂ ಎಂದಿತ್ತು. ಓದಿದವರೆಲ್ಲ ಬ್ರೇಕಮ್ಮನ ಮನೆಯ ಕಡೆ ನೋಡಿದರು.

ಮರುದಿನದಿಂದ ಅಧ್ಯಕ್ಷರು ಉಣ್ಣೆಯ ಟೋಪಿ ಹಾಕಿಕೊಂಡು, ಮನೆಯೊಳಗೆ ಹಾಕುವ ಮೆತ್ತನೆಯ ಚಪ್ಪಲಿಯಲ್ಲೇ ಬಂದು, ಕಾರಿನ ಪಕ್ಕದಲ್ಲಿ ಗಡಿಯಾರ ಹಿಡಿದು ನಿಲ್ಲತೊಡಗಿದರು.

"ಅಮ್ಮಾ, ಎರಡು ನಿಮಿಷ ಆಯ್ತು."

ಬ್ರೇಕಮ್ಮ ಮರುಮಾತಿಲ್ಲದೆ ಇಂಜಿನ್ ಆಫ್ ಮಾಡಿದರು. ಅಧ್ಯಕ್ಷರ ಮುಖ ಅರಳಿತು. ಅದು ಪೂರ್ತಿ ಅರಳುವ ಮೊದಲೇ ಆಕೆ ಮತ್ತೆ ಚಾಲೂ ಮಾಡಿದರು.

"ಏನಿದು?"

"ಇದು ಹೊಸ ಎರಡು ನಿಮಿಷ ಅಧ್ಯಕ್ಷರೇ."

ಸಂಜೆಗೆ ಸೂಚನೆಗೆ ತಿದ್ದುಪಡಿ ಬಂತು: 'ಒಟ್ಟು' ಎರಡು ನಿಮಿಷ. ದರ್ಜಿಗೆ ಈ ಯುದ್ಧ ನೋಡಲಾಗಲಿಲ್ಲ. ಕೋಟುಗಳ ಒಳಬಟ್ಟೆಯ ಚೂರುಗಳನ್ನೆಲ್ಲ ಕೂಡಿಸಿ, ನಡುವೆ ಹತ್ತಿ ತುಂಬಿ, ಕಾರಿನ ಮೂತಿಗೆ ದಪ್ಪನೆಯ ಹೊದಿಕೆಯೊಂದನ್ನು ಹೊಲಿದರು. ಜ್ವರ ಬಂದ ಎಮ್ಮೆಯ ಹಾಗೆ ಕಾಣುತ್ತಿತ್ತು ಕಾರು. "ಹೊದಿಸಿದ ಮಾತ್ರಕ್ಕೆ ಕಲ್ಲು ಬೆಚ್ಚಗಾಗುತ್ತೇನ್ರೀ? ಒಳಗಿನ ಬಿಸಿ ಹೋದ ಮೇಲೆ ಎಷ್ಟು ಹೊದಿಸಿದ್ರೂ ಅಷ್ಟೇ" ಎಂದು ಬ್ರೇಕಮ್ಮ ಗದರಿದರು. ಆದರೂ ದಿನಾ ಸಂಜೆ ಮರೆಯದೆ ಹೊದಿಸಿ, ಅಂಚು ಎಳೆದು ಸರಿ ಮಾಡಿ, ಒಳಗೆ ಹೋಗುತ್ತಿದ್ದರು.

ಇದೆಲ್ಲ ತಮಾಷೆಯಾಗಿಯೇ ಮುಗಿಯುತ್ತಿತ್ತೇನೋ, ನರ್ಸಮ್ಮನ ವಿಷಯ ಇಲ್ಲದೇ ಹೋಗಿದ್ದರೆ.

ನರ್ಸಮ್ಮ ಬ್ರೇಕಮ್ಮನ ಶಿಷ್ಯೆ. ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳನ್ನು ಎತ್ತಿ ಇಳಿಸಿ ಬೆನ್ನು ಹಣ್ಣಾಗಿತ್ತು. ಈಗ ಅವಳಿಗೆ ಬೇರೆ ಕೆಲಸ ಸಿಗುವುದರಲ್ಲಿತ್ತು: ಬಾಣಂತಿಯರ ಮನೆಮನೆಗೆ ಹೋಗಿ ತಾಯಿ ಮಗುವನ್ನು ನೋಡಿ ಬರುವುದು. ಕಾರು ಆಸ್ಪತ್ರೆಯದೇ, ಅದೂ ಆಟೊಮ್ಯಾಟಿಕ್. ಲೈಸೆನ್ಸ್ ಒಂದೇ ಬಾಕಿ. ಆ ತಿಂಗಳು ಮುಗಿಯುವುದರೊಳಗೆ ತಂದರೆ ಕೆಲಸ ಅವಳದು, ಇಲ್ಲವಾದರೆ ಇನ್ನೊಬ್ಬಳದು. ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಮೂರನೆಯದರಲ್ಲೂ ಫೇಲಾದರೆ ಅರ್ಧ ವರ್ಷ ಕಾಯದೆ ಮತ್ತೆ ಕೂರಿಸುವುದಿಲ್ಲ ಎಂಬುದು ಅಲ್ಲಿನ ನಿಯಮ. ರಕ್ತ ಕಂಡರೆ ಕಣ್ಣು ಮಿಟುಕಿಸದ ಹೆಂಗಸು ಪರೀಕ್ಷೆಯ ಮೈದಾನದಲ್ಲಿ ದಾರಿ ಗುರುತಿಗೆ ಇಟ್ಟ ಕಿತ್ತಳೆ ಬಣ್ಣದ ಕೋನುಗಳನ್ನು ಕಂಡರೆ ಬಿಳಿಚಿಕೊಳ್ಳುತ್ತಿದ್ದಳು.

ಎರಡು ಸಲವೂ ಆದದ್ದು ಒಂದೇ. ಪರೀಕ್ಷೆ ಬೆಳಿಗ್ಗೆ. ಬ್ರೇಕಮ್ಮ ಮನೆಯ ಮುಂದೆ ಕಾರನ್ನು ಚೆನ್ನಾಗಿ ಎಬ್ಬಿಸಿಕೊಂಡೇ ಹೊರಡುತ್ತಿದ್ದರು. ಆದರೆ ಮೈದಾನದಲ್ಲಿ ಸರದಿಗೆ ಕಾಯುತ್ತ ಇಂಜಿನ್ ಆಫ್ ಮಾಡಿ ಕೂತರೆ ಗೇರ್‌ಬಾಕ್ಸ್ ಮತ್ತೆ ಮಲಗಿಬಿಡುತ್ತಿತ್ತು. ಕರೆದಾಗ ನರ್ಸಮ್ಮ ಡಿಗೆ ಹಾಕುತ್ತಿದ್ದಳು, ಕಾರು ಯೋಚಿಸುತ್ತಿತ್ತು, ಇವಳು ಗಾಬರಿಯಲ್ಲಿ ಒತ್ತುತ್ತಿದ್ದಳು, ಧಡ್. ಮೊದಲ ಸಲ ಒಂದು ಕೋನು ಹೋಯಿತು. ಎರಡನೆಯ ಸಲ ಪರೀಕ್ಷಕರ ಕೈಯಲ್ಲಿದ್ದ ಟೀ ಅವರ ಎದೆಯ ಮೇಲೆ ಹೋಯಿತು.

"ಈ ಸಲ ನಿನ್ನ ಪಾಸ್ ಮಾಡಿಸದೇ ಇದ್ರೆ ನನ್ನ ಸ್ಕೂಲಿನ ಬೋರ್ಡು ಕಿತ್ತಿಡ್ತೀನಿ" ಎಂದು ಬ್ರೇಕಮ್ಮ ಅವಳಿಗೆ ಮಾತು ಕೊಟ್ಟುಬಿಟ್ಟಿದ್ದರು.

"ಬೋರ್ಡು ಕಿತ್ತರೆ ನನಗೆ ಕೆಲಸ ಸಿಗುತ್ತಾ ಅಕ್ಕ?" ಎಂದಿದ್ದಳು ನರ್ಸಮ್ಮ.

ಮೊದಲು ಅಧ್ಯಕ್ಷರ ಬಾಯಿ ಮುಚ್ಚಿಸಬೇಕು ಎಂದುಕೊಂಡ ಬ್ರೇಕಮ್ಮ ಗೇರ್ ಡಾಕ್ಟರ ಬಳಿ ಹೊರಟರು. ಅದು ಗೇರ್‌ಬಾಕ್ಸ್ ಮಾತ್ರ ಬಿಚ್ಚುವ ಒಬ್ಬ ಮೆಕ್ಯಾನಿಕ್‌ನ ಬಿರುದು. "ಹತ್ತು ನಿಮಿಷ ಇಂಜಿನ್ ಚಾಲೂ ಇಟ್ಟು ನಿಲ್ಲಿಸಲೇಬೇಕು ಅಂತ ಅವನ ಬಾಯಲ್ಲೇ ಹೇಳಿಸ್ತೀನಿ. ನೀವು ಬರೆಯೋರು, ಸಾಕ್ಷಿಗೆ ಬನ್ನಿ" ಎಂದು ನನ್ನನ್ನೂ ಎಳೆದುಕೊಂಡು ಹೋದರು.

ಅವನ ಶೆಡ್ಡಿನಲ್ಲಿ ನೆಲವೆಲ್ಲ ಎಣ್ಣೆಯ ಕಪ್ಪು, ಗೋಡೆಯೆಲ್ಲ ಸ್ಪ್ಯಾನರ್. ಓಡಿ ಬಂದ ಕಾರು ಇನ್ನೂ ಬಿಸಿಯಿದ್ದಾಗಲೇ ಅವನು ಗೇರ್ ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದು, ಬಿಳಿ ಬಟ್ಟೆಗೆ ಒರೆಸಿ, ಮೂಸಿ ನೋಡಿದ. "ಸುಟ್ಟ ವಾಸನೆ ಇಲ್ಲ ಅಕ್ಕ. ಚೆನ್ನಾಗಿ ನೋಡಿಕೊಂಡಿದೀಯ" ಎಂದ. ಬ್ರೇಕಮ್ಮ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

"ಈಗ ಹೇಳು ತಮ್ಮ. ಚಳಿಯಲ್ಲಿ ಹತ್ತು ನಿಮಿಷ ನಿಲ್ಲಿಸಿ ಎಬ್ಬಿಸಬೇಕಾ ಬೇಡ್ವಾ?"

"ಹತ್ತು ನಿಮಿಷನಾ? ಯಾಕೆ?"

"ಯಾಕೆ ಅಂದ್ರೆ?"

"ಒಂದೆರಡು ನಿಮಿಷ ಸಾಕಕ್ಕ. ನಿಂತಲ್ಲೇ ನಿಂತ್ರೆ ಇಂಜಿನ್ ಬೆಚ್ಚಗಾಗುತ್ತೆ, ಗೇರ್ ಎಣ್ಣೆ ಅಷ್ಟು ಬೇಗ ಆಗಲ್ಲ. ಅದು ಬೆಚ್ಚಗಾಗೋದು ಓಡಿದಾಗಲೇ. ಮೆಲ್ಲಗೆ ಹೊರಡು, ಜೋರಾಗಿ ಒತ್ತಬೇಡ, ಒಂದಷ್ಟು ದೂರ ಹಾಗೇ ಹೋಗು. ತಾನೇ ಸರಿ ಹೋಗುತ್ತೆ."

ನಾನು ಸ್ಪ್ಯಾನರುಗಳನ್ನು ಎಣಿಸುತ್ತಿರುವಂತೆ ನಟಿಸಿದೆ.

"ಹಾಗಾದ್ರೆ ಆ ಬೀಗದಕೈ ಗೊಂಚಲು ಹೇಳಿದ್ದೇ ಸರಿ ಅಂತೀಯಾ?" ಬ್ರೇಕಮ್ಮನ ಮುಖ ಗೇರ್ ಎಣ್ಣೆಯ ಕೆಂಪಿಗೆ ತಿರುಗಿತ್ತು.

"ಯಾವ ಗೊಂಚಲೋ ನನಗೆ ಗೊತ್ತಿಲ್ಲ. ಎಣ್ಣೆ ವಿಷಯ ಕೇಳಿದೆ, ಹೇಳಿದೆ."

ವಾಪಸು ಬರುವಾಗ ಒಂದು ಕಡೆ ನಾಯಿ ಅಡ್ಡ ಬಂದರೂ ಬ್ರೇಕಮ್ಮ 'ಬ್ರೇಕೂ' ಎನ್ನದೆ ಸುಮ್ಮನೆ ನಿಲ್ಲಿಸಿದರು. ಆಗಲೇ ನನಗೆ ಭಯವಾದದ್ದು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಅಧ್ಯಕ್ಷರು ಸರಿ ಎಂದು ಒಪ್ಪಿಕೊಳ್ಳುವುದೆಂದರೆ ಬ್ರೇಕಮ್ಮನಿಗೆ ಸಾಬೂನು ನುಂಗಿದ ಹಾಗೆ. ಒಪ್ಪಿಕೊಳ್ಳದಿದ್ದರೆ ನರ್ಸಮ್ಮ ಮತ್ತೆ ಅದೇ ಮಲಗಿದ ಗೇರಿನ ಮೇಲೆ ಪರೀಕ್ಷೆಗೆ ಕೂರಬೇಕು. ಮನೆ ಮುಟ್ಟಿ, ಕಾರಿಗೆ ಹೊದಿಕೆ ಹೊದಿಸಿ, ಮೆಟ್ಟಿಲು ಹತ್ತಿದ ಮೇಲೆ ತಿರುಗಿ, "ಪರೀಕ್ಷೆ ದಿನ ನೀವೂ ಬನ್ನಿ" ಎಂದರು. "ಗಡಿಯಾರ ತನ್ನಿ."

ಪರೀಕ್ಷೆಯ ಬೆಳಿಗ್ಗೆ ಆ ವರ್ಷದ ಚಳಿಯೆಲ್ಲ ಒಟ್ಟಿಗೆ ಬಂದಂತಿತ್ತು. ನಲ್ಲಿಯ ತುದಿಯಲ್ಲಿ ನೀರು ಮೊಳೆಯಂತೆ ನಿಂತಿತ್ತು. ನರ್ಸಮ್ಮ ಸ್ಟೀರಿಂಗ್ ಮುಂದೆ ಕೂತು ಕೈಗವಸಿನೊಳಗೇ ಬೆರಳು ಹಿಸುಕಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಬ್ರೇಕಮ್ಮ, ಹಿಂದೆ ಗಡಿಯಾರ ಹಿಡಿದು ನಾನು. ಹೊರಗೆ, ಟೋಪಿ, ಮೆತ್ತನೆ ಚಪ್ಪಲಿ, ಅಧ್ಯಕ್ಷರು.

"ಎರಡು ನಿಮಿಷ" ಎಂದರು ಅಧ್ಯಕ್ಷರು, ಗಾಜಿಗೆ ಬಾಯಿಟ್ಟು.

"ಆಯ್ತು, ಹೊರಡ್ತೀವಿ" ಎಂದರು ಬ್ರೇಕಮ್ಮ, ಜೇನಿನಂಥ ದನಿಯಲ್ಲಿ. "ಆದ್ರೆ ಅಧ್ಯಕ್ಷರೇ, ತಿರುವು ದಾಟಿದ ಮೇಲೆ ಅಲ್ಲಿ ನಿಲ್ಲಿಸಿ ಚಾಲೂ ಇಟ್ಟುಕೊಳ್ತೀನೋ ಏನೋ, ನಿಮಗೆ ಹೇಗೆ ಗೊತ್ತಾಗುತ್ತೆ? ಬನ್ನಿ, ಕೂತೇ ನೋಡಿಬಿಡಿ."

ತಪಾಸಣೆಗೆ ಕರೆದರೆ ಒಲ್ಲೆ ಎನ್ನುವುದು ಅಧ್ಯಕ್ಷರ ಜಾತಕದಲ್ಲೇ ಇರಲಿಲ್ಲ. ಬಂದು ನನ್ನ ಪಕ್ಕ ಕೂತರು. ಬೀಗದಕೈ ಗೊಂಚಲು ನನ್ನ ತೊಡೆಗೆ ಚುಚ್ಚಿತು.

"ಆರ್‌ಗೆ ಹಾಕು... ಎನ್... ಡಿ... ಹಿಡೀತಾ? ಈಗ ಬ್ರೇಕ್ ಬಿಡು. ಒತ್ತಬೇಡ. ತಾನೇ ತೆವಳಲಿ" ಎಂದರು ಬ್ರೇಕಮ್ಮ.

ಕಾರು ತೆವಳಿತು. ನಡೆಯುವವರು ನಮ್ಮನ್ನು ಹಿಂದೆ ಹಾಕಿ ಹೋದರು. ಹಾಲಿನ ಕ್ಯಾನು ಹೊತ್ತ ಮುದುಕನೊಬ್ಬ ಸ್ವಲ್ಪ ದೂರ ಜೊತೆಗೇ ಬಂದು, ಬೇಸರವಾಗಿ ಮುಂದೆ ಹೋದ. ಬೇಕರಿಯ ಮೂಲೆ, ಔಷಧಿ ಅಂಗಡಿ, ಶಾಲೆಯ ಗೋಡೆ, ಮತ್ತೆ ಬೇಕರಿಯ ಮೂಲೆ. ಎರಡನೆಯ ಸುತ್ತಿಗೆ ಗೇರು ಬೀಳುವುದು ನನಗೂ ಕೇಳಿಸಲಿಲ್ಲ, ತಿಳಿಯಲೂ ಇಲ್ಲ. ಬ್ರೇಕಮ್ಮ ಕಿವಿ ಗೇರಿನ ಕಡೆ ಬಾಗಿಸಿ ಕೂತಿದ್ದರು. ಮುಖದ ಬಿಗಿ ಕೊಂಚ ಸಡಿಲಾಗಿತ್ತು.

"ಸರಿ, ನಾನು ಇಲ್ಲೇ ಇಳೀತೀನಿ" ಎಂದರು ಅಧ್ಯಕ್ಷರು, ಮೈದಾನದ ಗೇಟು ಕಂಡಾಗ. "ತಿಂಡಿ ಆಗಿಲ್ಲ."

"ಇಳಿಸೋದು ಹೇಗೆ ಅಧ್ಯಕ್ಷರೇ? ನಿಂತು ಚಾಲೂ ಇಟ್ರೆ ನಿಮ್ಮ ನಿಯಮ ಮುರಿಯುತ್ತೆ. ಆಫ್ ಮಾಡಿದ್ರೆ ಇವಳ ಗೇರು ತಣ್ಣಗಾಗುತ್ತೆ. ನೀವೇ ಹೇಳಿ, ಏನು ಮಾಡೋಣ?"

ಅಧ್ಯಕ್ಷರು ಬಾಯಿ ತೆರೆದರು. ನಿಯಮ ಬರೆದವರು ಅವರೇ, ತಿದ್ದಿದವರೂ ಅವರೇ. ಬಾಯಿ ಮುಚ್ಚಿದರು. ಉಳಿದವರೆಲ್ಲ ಸಾಲಿನಲ್ಲಿ ಇಂಜಿನ್ ಆಫ್ ಮಾಡಿ ಕೂತಿದ್ದಾಗ ನಾವು ಮೈದಾನದ ಸುತ್ತಲಿನ ರಸ್ತೆಯಲ್ಲಿ ಗಾಣದ ಎತ್ತಿನಂತೆ ಸುತ್ತಿದೆವು. ಸಾಲಿನಲ್ಲಿದ್ದವರು ನಮ್ಮನ್ನು ನೋಡಿ ನಗುತ್ತಿದ್ದರು. ಮೂರನೆಯ ಸಲ ದಾಟಿದಾಗ ಒಬ್ಬ ಕೈ ಬೀಸಿ ಟಾಟಾ ಮಾಡಿದ. ಅಭ್ಯಾಸಬಲದಿಂದ ಅಧ್ಯಕ್ಷರೂ ತಿರುಗಿ ಕೈ ಬೀಸಿದರು.

ಕೊನೆಗೂ ನರ್ಸಮ್ಮನ ಹೆಸರು ಕರೆದರು. ಪರೀಕ್ಷಕರು ಬಾಗಿ ಒಳಗೆ ನೋಡಿದರು. ಟೀ ಚೆಲ್ಲಿಸಿಕೊಂಡ ಅದೇ ಪರೀಕ್ಷಕರು. ಈ ಸಲ ಕೈಯಲ್ಲಿ ಲೋಟ ಇರಲಿಲ್ಲ.

"ಹಿಂದೆ ಯಾರಿದು?"

"ನಾನು ಅಧ್ಯಕ್ಷ" ಎಂದರು ಅಧ್ಯಕ್ಷರು.

"ಯಾವುದಕ್ಕೆ?"

"ಬೀದಿಗೆ."

"ಇದು ಮೈದಾನ. ಇಳೀರಿ ಎಲ್ಲರೂ."

ಮೂವರೂ ಇಳಿದು ಬೇಲಿಯ ಪಕ್ಕ ನಿಂತೆವು. ಹಿಮ ಕೂತ ಹುಲ್ಲಿನ ಮೇಲೆ ಮೆತ್ತನೆ ಚಪ್ಪಲಿಯಲ್ಲಿ ನಿಂತ ಅಧ್ಯಕ್ಷರು ಒಂದೊಂದೇ ಕಾಲೆತ್ತಿ ಕೊಕ್ಕರೆಯ ಹಾಗೆ ನಿಲ್ಲತೊಡಗಿದರು. ಬ್ರೇಕಮ್ಮ ಅವರ ಕಡೆ ನೋಡದೆಯೇ ತಮ್ಮ ಮಫ್ಲರ್ ಬಿಚ್ಚಿ ಕೈಗೆ ಕೊಟ್ಟರು. ಅವರು ಅದನ್ನು ಕತ್ತಿಗೆ ಸುತ್ತಿಕೊಳ್ಳದೆ ಕಾಲ ಕೆಳಗೆ ಹಾಕಿಕೊಂಡರು.

ಪರೀಕ್ಷಕರು ಒಳಗೆ ಕೂತು ಕೈಯಿಂದ ಹೊರಡು ಎಂದು ಸನ್ನೆ ಮಾಡಿದ್ದು ಕಾಣಿಸಿತು. ಕಾರು ಹೊರಡಲಿಲ್ಲ.

"ಯಾಕೆ ನಿಂತಿದೆ?" ಎಂದೆ.

ಅಷ್ಟರಲ್ಲಿ ಹಿಂದೆ ಬಿಳಿ ದೀಪ ಹೊತ್ತಿಕೊಂಡಿತು. ಆರ್ ಗೇರು. ಕಾರಿನ ಹಿಂದೆ ನಿಂತಿದ್ದವರು ದಡಬಡಿಸಿ ಪಕ್ಕಕ್ಕೆ ಸರಿದರು. ಪರೀಕ್ಷಕರ ಕೈ ಬಾಗಿಲಿನ ಹಿಡಿಯ ಮೇಲೆ ಹೋಯಿತು. ದೀಪ ಆರಿತು. ಕಾರು ಮತ್ತೂ ನಿಂತೇ ಇತ್ತು.

"ಅಯ್ಯೋ ನನ್ನ ಕರ್ಮವೇ" ಎಂದರು ಬ್ರೇಕಮ್ಮ. "ಎಬ್ಬಿಸ್ತಿದಾಳೆ!"

ನಿಜ. ಬಿಸಿಬಿಸಿಯಾಗಿ ಎದ್ದು ಕೂತಿದ್ದ ಗೇರ್‌ಬಾಕ್ಸನ್ನು ನರ್ಸಮ್ಮ ಶ್ರದ್ಧೆಯಿಂದ, ಮೊದಲಿಂದ, ಪಾಠ ಹೇಳಿಕೊಟ್ಟಂತೆ ಎಬ್ಬಿಸುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿದ್ದುದು ಬೇಲಿಯವರೆಗೂ ಕಾಣುತ್ತಿತ್ತು.

"ಬೇಡ ಕಣೇ, ಎದ್ದಿದೆ ಅದು, ಎದ್ದಿದೆ!" ಎಂದು ಬ್ರೇಕಮ್ಮ ಬೇಲಿ ಹಿಡಿದು ಕೂಗಿದರು. ಅವರ ಬಲಗಾಲು ಗಾಳಿಯಲ್ಲಿ ಏನನ್ನೋ ತುಳಿಯುತ್ತಿತ್ತು. ಗಾಜು ಏರಿಸಿತ್ತು, ನರ್ಸಮ್ಮನಿಗೆ ಕೇಳಿಸಲಿಲ್ಲ. ಅಧ್ಯಕ್ಷರು ಅಭ್ಯಾಸದಂತೆ ಗಡಿಯಾರ ತೆಗೆದವರು, ಬ್ರೇಕಮ್ಮನ ಮುಖ ನೋಡಿ, ಮೆಲ್ಲಗೆ ಜೇಬಿಗೆ ಹಾಕಿಕೊಂಡರು.

ಆಮೇಲೆ ಕಾರು ಹೊರಟಿತು. ಹೊರಟದ್ದು ಎಂದರೆ, ಯಾವ ಕ್ಷಣದಲ್ಲಿ ನಿಂತಿದ್ದದ್ದು ಓಡುವುದಾಯಿತು ಎಂದು ಹೇಳಲಾಗದಂತೆ ಹೊರಟಿತು. ಕೋನುಗಳ ನಡುವೆ ನುಗ್ಗದೆ ನುಸುಳಿತು. ದಿಬ್ಬದ ಮೇಲೆ ನಿಂತು, ಹಿಂದೆ ಜಾರದೆ, ಮೇಲಕ್ಕೆ ಹೋಯಿತು. ಹಿಂದಕ್ಕೆ ತಂದು ಎರಡು ಗೆರೆಗಳ ನಡುವೆ ನಿಲ್ಲಿಸುವಾಗ ಮಾತ್ರ ನರ್ಸಮ್ಮ ಸ್ವಲ್ಪ ಓರೆ ಮಾಡಿದಳು; ಓರೆಯೂ ಮೆತ್ತಗೇ ಆಯಿತು.

ಪರೀಕ್ಷಕರು ಇಳಿದು ನೇರ ನಮ್ಮ ಕಡೆ ಬಂದರು.

"ಇವಳಿಗೆ ಕಲಿಸಿದ್ದು ಯಾರು?"

"ನಾನು" ಎಂದರು ಬ್ರೇಕಮ್ಮ, ಎದೆ ಮುಂದೆ ಮಾಡಿ.

"ಗೇರ್ ಹಾಕೋಕೆ ಇಷ್ಟು ಹೊತ್ತಾ? ಏನಮ್ಮಾ ಮಾಡ್ತಿದೀಯ ಅಂದ್ರೆ ಶ್ ಅಂದಳು ನನಗೆ! ನನಗೆ!"

ಬ್ರೇಕಮ್ಮ ಬಾಯಿ ತೆರೆಯುವ ಮೊದಲೇ ಅಧ್ಯಕ್ಷರು ಮಫ್ಲರ್ ಮೇಲಿಂದ ಒಂದು ಹೆಜ್ಜೆ ಮುಂದೆ ಬಂದರು. "ಮಹನೀಯರೇ" ಎಂದು ಶುರು ಮಾಡಿ, ಚಳಿಯಲ್ಲಿ ಗೇರ್ ಎಣ್ಣೆ ಜೇನಿನಂತಾಗುವುದು, ಪಂಪು, ಸೀಲು, ಒತ್ತಡ, ಮೆಲ್ಲಗೆ ಓಡಿಸುವ ಮಹತ್ವ, ಎಲ್ಲವನ್ನೂ ತಾವೇ ಕಂಡುಹಿಡಿದವರಂತೆ ವಿವರಿಸಿದರು. ಇಷ್ಟು ದಿನ ಗಾಜಿನ ಪಕ್ಕ ನಿಂತು ಬೈಸಿಕೊಂಡದ್ದು ವ್ಯರ್ಥವಾಗಿರಲಿಲ್ಲ. "ನಮ್ಮ ಬೀದಿಯಲ್ಲಿ ಇದಕ್ಕೆ ನಿಯಮವೇ ಇದೆ" ಎಂದು ಮುಗಿಸಿದರು.

ಪರೀಕ್ಷಕರು ಅವರ ಚಪ್ಪಲಿಯನ್ನು ನೋಡಿದರು. ಆಮೇಲೆ ಬ್ರೇಕಮ್ಮನ ಕಡೆ ತಿರುಗಿದರು. "ಬೆಳಿಗ್ಗೆಯಿಂದ ಎಷ್ಟೋ ಕಾರು ಹತ್ತಿ ಇಳಿದೆ. ಎಲ್ಲದರಲ್ಲೂ ಹಲ್ಲು ಕಚ್ಚಿಕೊಂಡೇ ಕೂತಿದ್ದೆ. ಇದೊಂದರಲ್ಲಿ ಟೀ ಕುಡೀಬಹುದಿತ್ತು, ಇವತ್ತೇ ತರಲಿಲ್ಲ. ಪಾಸು. ಮುಂದಿನ ಸಲ ಶ್ ಅನ್ನಬಾರದು ಅಂತ ಹೇಳಿ."

ನರ್ಸಮ್ಮ ಕಾರಿನಿಂದ ಇಳಿದು ಓಡಿ ಬಂದು ಬ್ರೇಕಮ್ಮನನ್ನು ಅಪ್ಪಿಕೊಂಡಳು, ಅತ್ತಳು, ಅಳುತ್ತಲೇ ನಕ್ಕಳು. ರಭಸಕ್ಕೆ ಅಧ್ಯಕ್ಷರನ್ನೂ ಅಪ್ಪಿಕೊಂಡಳು. ಅವರ ಬೀಗದಕೈಗಳು ಝಣ್ ಎಂದವು. ವಾಪಸು ಬರುವಾಗ ದಾರಿಯುದ್ದಕ್ಕೂ ಅವಳು ಬಾಣಂತಿಯರ ಮನೆಗಳಿಗೆ ಯಾವ ರಸ್ತೆಯಲ್ಲಿ ಹೋಗುವುದು ಎಂದು ಹೇಳುತ್ತಿದ್ದಳು, ಬ್ರೇಕಮ್ಮ ಪ್ರತಿ ತಿರುವಿಗೂ "ಬ್ರೇಕೂ" ಎನ್ನುತ್ತಿದ್ದರು. ಅಧ್ಯಕ್ಷರು ಹಿಂದೆ ಕೂತು ಸೂಚನೆಗೆ ಇನ್ನೊಂದು ತಿದ್ದುಪಡಿ ಯೋಚಿಸುತ್ತಿದ್ದರು. ಅದು ಮರುದಿನ ಫಲಕದಲ್ಲಿ ಕಾಣಿಸಿತು: 'ಅನಂತರ ಮೆಲ್ಲಗೆ ಹೊರಡತಕ್ಕದ್ದು.' ಬ್ರೇಕಮ್ಮ ಅದನ್ನು ಓದಿ, ಅಕ್ಷರ ಚೆನ್ನಾಗಿದೆ ಎಂದರು. ಹತ್ತು ನಿಮಿಷ ಕೂರುವುದನ್ನು ಮಾತ್ರ ಅಂದಿನಿಂದ ಬಿಟ್ಟರು.

ಅವರ ಬಗ್ಗೆ ಬರೆಯಬೇಕು ಅನ್ನಿಸಿ ಒಂದು ಸಂಜೆ ಹೋದೆ. ಕಾರಿನ ಬಾಗಿಲು ತೆರೆದು ಸೀಟಿನ ಮೇಲಿನ ಧೂಳು ಹೊಡೆಯುತ್ತಿದ್ದರು. ನಾನು ಬಾಗಿಲಿಗೆ ಒರಗಿ, ಒಂದು ಕಾಲನ್ನು ಒಳಗಿಟ್ಟು, ಬರೆಯುವವರು ಕೇಳುವಂಥ ಪ್ರಶ್ನೆಯನ್ನು, ಬರೆಯುವವರ ದನಿಯಲ್ಲೇ ಕೇಳಿದೆ:

"ಇಷ್ಟು ವರ್ಷ ಜೊತೆಗಿದ್ದ ಕಾರು. ಆ ದಿನ ನಿಮ್ಮ ಮಾತು ಉಳಿಸಬೇಕು, ಆ ಹೆಣ್ಣುಮಗಳಿಗೆ ಕೆಲಸ ಸಿಗಬೇಕು ಅಂತಲೇ ಅದು ಅಷ್ಟು ಚೆನ್ನಾಗಿ ಓಡ್ತು ಅಂತ ನಿಮಗೆ ಅನ್ನಿಸಲಿಲ್ವಾ?"

ಬ್ರೇಕಮ್ಮ ಬಟ್ಟೆ ಕೊಡವಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಣ್ಣೆ ಬೆಚ್ಚಗಿತ್ತು, ಓಡ್ತು. ಕಾಲು ತೆಗೀರಿ, ಬಾಗಿಲು ಹಾಕ್ಬೇಕು."